ಜಿಡ್ಡಿನ ತೊಟ್ಟಿ ಮತ್ತು ನನ್ನ ಲೈಸೆನ್ಸು

ನಗರಸಭೆಯ ನೋಟಿಸು ಬಂದಾಗ ನಾನು ತಾರ್ಲೆ ಮೀನು ಹುರಿಯುತ್ತಿದ್ದೆ. ಎರಡು ಸಾವಿರದ ಆರೋ ಏಳೋ ಇರಬೇಕು. ಕಾರವಾರದ ಹಬ್ಬುವಾಡದ ಕಡೆ ನನ್ನದೊಂದು ಮೀನೂಟದ ಹೋಟೆಲು. ಮುಂದೆ ಆರು ಮೇಜು, ಹಿಂದೆ ಅಡುಗೆಮನೆ, ಅದರಾಚೆ ಗಟಾರ. ಹೋಟೆಲುಗಳ ಜಿಡ್ಡು ಗಟಾರದಲ್ಲಿ ಹೆಪ್ಪುಗಟ್ಟಿ ನೀರು ನಿಲ್ಲುತ್ತಿದೆಯಂತೆ. ಪಾತ್ರೆ ತೊಳೆದ ನೀರು ಹೊರಗೆ ಹೋಗುವ ಮೊದಲು ಜಿಡ್ಡನ್ನು ತಡೆದು ನಿಲ್ಲಿಸುವ ತೊಟ್ಟಿ ಕಟ್ಟಿಸಬೇಕು, ಇಲ್ಲವಾದರೆ ಲೈಸೆನ್ಸು ನವೀಕರಿಸುವುದಿಲ್ಲ ಎಂದು ಬರೆದಿತ್ತು.

ನಾನು ಐದನೇ ಇಯತ್ತೆಗೆ ಶಾಲೆ ಬಿಟ್ಟವನು. ಅಂಕೋಲೆಯ ಹೋಟೆಲಿನಲ್ಲಿ ತಾಟು ತೊಳೆದು, ಆಮೇಲೆ ಸೌಟು ಹಿಡಿದು, ಕೊನೆಗೆ ಸ್ವಂತದ್ದು ಮಾಡಿದವನು. ಗೋಡೆಗೆ ತೂಗುಹಾಕಿದ್ದ ಆ ಲೈಸೆನ್ಸೇ ನನ್ನ ಸರ್ಟಿಫಿಕೇಟು. ಅದು ಹೋದರೆ ನಾನು ಯಾರು?

ಅಂಕೋಲೆಯಿಂದ ಹೆಂಡತಿಯ ಅಣ್ಣನನ್ನು ಕರೆಸಿದೆ. ಅವನು ಗೌಂಡಿ. ಗುಂಡಿ ಮಾತ್ರ ನಾನೇ ತೋಡಿದೆ. ಅವನು ಚಿರೆಕಲ್ಲು ಇಟ್ಟು, ಸಿಮೆಂಟು ಬಳಿದು ಮೂರು ಕೋಣೆಯ ತೊಟ್ಟಿ ಕಟ್ಟಿದ.

"ನೋಡು ಭಾವ, ನೀರು ಅಡಿಯಿಂದ ದಾಟ್ತದೆ, ಜಿಡ್ಡು ಮೇಲೆ ತೇಲ್ತಾ ಇಲ್ಲೇ ಉಳೀತದೆ. ತೆಂಗಿನಹಾಲು ಕಾಯ್ಸಿ ಎಣ್ಣೆ ತೆಗೆಯುದಿಲ್ವ, ಹಾಗೇ" ಅಂದ.

ಮರುದಿನ ಬೆಳಿಗ್ಗೆ ಮುಚ್ಚಳ ಎತ್ತಿದರೆ ಮೇಲೆ ಬೆರಳು ದಪ್ಪದ ಬಿಳಿ ಕೆನೆ! ನಾನು ಕುಣಿದುಬಿಟ್ಟೆ. ಪಕ್ಕದ ಸೈಕಲ್ ಅಂಗಡಿಯವನನ್ನೂ ಚಹಾಕ್ಕೆ ಬಂದ ಇಬ್ಬರು ಕೈಗಾ ನೌಕರರನ್ನೂ ಎಳೆದು ತಂದು ತೋರಿಸಿದೆ. "ಗಟಾರ ತೋರ್ಸುಕೆ ಕರ್ದದ್ದೋ ಮಾರಾಯಾ! ನಾ ಮೀನ್ ಬಂತು ಅಂತ ಓಡಿ ಬಂದೆ" ಅಂದ ಸೈಕಲ್ಲಿನವನು. ನನಗೇನೂ ಬೇಜಾರಾಗಲಿಲ್ಲ.

ಅದೇ ವಾರ, ಊಟದ ಗದ್ದಲದ ಹೊತ್ತಿಗೆ ಆರೋಗ್ಯ ನಿರೀಕ್ಷಕರು ಬಂದರು. ಘಟ್ಟದ ಮೇಲಿನವರು, ಮೀನು ಮುಟ್ಟದವರು. ಮೂಗಿಗೆ ಕರವಸ್ತ್ರ ಹಿಡಿದು ಬಗ್ಗಿದರು. ನಾನು ಎದೆಯುಬ್ಬಿಸಿ ಮುಚ್ಚಳ ಎತ್ತಿದೆ. ಕೆನೆಯೇ ಇಲ್ಲ. ಬೂದು ನೀರು ಆವಿಯಾಡುತ್ತಿತ್ತು, ಅತ್ತ ಗಟಾರದ ನೀರು ಎಣ್ಣೆಯಿಂದ ಫಳಫಳ ಹೊಳೆಯುತ್ತಿತ್ತು.

"ಇದು ತೊಟ್ಟಿಯೋ ತೋರಿಕೆಯೋ?" ಅಂದರು. "ಎಂಟು ದಿನ ಕೊಡ್ತೇನೆ. ಆಮೇಲೂ ಹೀಗೇ ಇದ್ರೆ ಲೈಸೆನ್ಸು ಮರೀರಿ."

ಅಂಕೋಲೆಗೆ ಮರಳಿದ್ದ ಭಾವನ ಮೇಲೆ ಫೋನಿನಲ್ಲೇ ಹರಿಹಾಯ್ದೆ. ಅವನೂ ಬಿಡಲಿಲ್ಲ. "ನನ್ನ ಕಲ್ಲು ಸಮಾ ಅದೆ. ನೀನು ಅದರೊಳಗೆ ಎಂತ ಹೊಯ್ತೆ ಅಂತ ಮೊದ್ಲು ನೋಡ್ಕೋ!"

ಸಿಟ್ಟಿನಲ್ಲಿ ಅಂದರೂ ಮಾತು ನನ್ನ ತಲೆಗೆ ಹೊಕ್ಕಿತು. ಮರುದಿನ ಬೆಳಗಿನಿಂದ ಮುಚ್ಚಳ ತೆರೆದಿಟ್ಟು ತೊಟ್ಟಿಯ ಪಕ್ಕ ಸ್ಟೂಲು ಹಾಕಿ ಕೂತೆ. "ಗಾಳ ಹಾಕ್ಕೊಂಡು ಕೂತ್ಕಂಡ್ರೋ? ಬಂಗಡೆ ಸಿಕ್ರೆ ಹೇಳಿ, ಮಸಾಲೆ ರೆಡಿ ಅದೆ" ಅಂತ ಹೆಂಡತಿ ಒಳಗಿನಿಂದ ಚುಚ್ಚಿದಳು. ಎಂಟು ಗಂಟೆಗೆ ಕೆನೆ ಇತ್ತು. ಹತ್ತಕ್ಕೂ ಇತ್ತು. ಹನ್ನೊಂದೂವರೆಗೆ ಹೆಂಡತಿ ಕುಚ್ಚಲಕ್ಕಿ ಅನ್ನದ ದೊಡ್ಡ ಪಾತ್ರೆ ಬಗ್ಗಿಸಿ ಗಂಜಿ ಬಸಿದಳು. ಕೊತಕೊತ ಕುದಿಯುವ ಗಂಜಿ ಬುಸುಬುಸು ಎನ್ನುತ್ತಾ ಪೈಪಿನಲ್ಲಿ ಇಳಿದು ಬಂತು. ನನ್ನ ಕಣ್ಣೆದುರಿಗೇ ಕೆನೆ ಬಿರಿಯಿತು, ಕರಗಿತು, ಗಂಜಿಯ ಜೊತೆ ಕಲಸಿಕೊಂಡು ಗಟಾರಕ್ಕೆ ಹೊರಟುಹೋಯಿತು!

"ಸಿಕ್ತು! ಸಿಕ್ತು!" ಎಂದು ಕೂಗಿ ಎದ್ದ ರಭಸಕ್ಕೆ ಸ್ಟೂಲು ತೊಟ್ಟಿಗೆ ಬಿತ್ತು.

"ಬಂಗಡೆಯೋ?"

"ನಿನ್ನ ಗಂಜಿ!"

ದಿನಕ್ಕೆ ಎರಡು ಸಲ ಗಂಜಿ ಬಸಿಯುವುದು ನಮ್ಮ ಕೈಗೆ ಎಷ್ಟು ರೂಢಿಯೆಂದರೆ, ಅದೂ ತೊಟ್ಟಿಗೆ ಹೋಗುತ್ತದೆಂಬುದು ನಮ್ಮಿಬ್ಬರಿಗೂ ಭಾವನಿಗೂ ಹೊಳೆದಿರಲಿಲ್ಲ. ಅಂದಿನಿಂದಲೇ ಗಂಜಿಗೆ ಬೇರೆ ಡ್ರಮ್ಮು. ಆರಿದ ಮೇಲೆ ಹಿಂದಿನ ಓಣಿಯ ಎಮ್ಮೆ ಸಾಕಿದ ಅಜ್ಜಿ ಒಯ್ಯುತ್ತಿದ್ದಳು. ಬಾಣಲೆಯ ಎಣ್ಣೆಯನ್ನು ಹಳೆ ಪೇಪರಿನಲ್ಲಿ ಒರೆಸಿಯೇ ತೊಳೆಯಲು ಹಾಕಿದೆವು. ಅಂಕೋಲೆಗೆ ಫೋನು ಮಾಡಿ ಭಾವನಿಗೆ ತಪ್ಪಾಯಿತು ಅಂದೆ. "ಕಲ್ಲಿನ ಕೂಡೆ ಹೇಳು, ಅದ್ಕೇ ಬೇಜಾರಾದ್ದು" ಅಂದ.

ಎಂಟನೇ ದಿನ ನಿರೀಕ್ಷಕರು ಬಂದದ್ದು ಹತ್ತು ಗಂಟೆಗೆ. ನಾನು ಅಡ್ಡ ನಿಂತೆ. "ಈಗ ನೋಡ್ಬೇಡಿ ಸಾಹೇಬ್ರೆ. ಅನ್ನ ಬಸಿದ ಮೇಲೇ ನೋಡಿ." ಅವರು ನನ್ನನ್ನೊಮ್ಮೆ ವಿಚಿತ್ರವಾಗಿ ನೋಡಿ, ಬೇರೆ ಹೋಟೆಲು ಮುಗಿಸಿ ಹನ್ನೆರಡಕ್ಕೆ ಮರಳಿ ಬಂದರು. ನಾನು ಮುಚ್ಚಳ ಎತ್ತಿದೆ. ಕೆನೆ ಗಟ್ಟಿಯಾಗಿ ನಿಂತಿತ್ತು! ಅವರು ಕಡ್ಡಿಯಿಂದ ತಿವಿದರು. ತೊಟ್ಟಿಯಿಂದ ಗಟಾರಕ್ಕೆ ಬೀಳುವ ನೀರನ್ನು ಬಾಟಲಿಯಲ್ಲಿ ಹಿಡಿದು ಬೆಳಕಿಗೆ ಒಡ್ಡಿದರು. ಜಿಡ್ಡಿನ ಹೊಳಪಿಲ್ಲ.

"ಯಾರು ಹೇಳಿಕೊಟ್ರು?"

"ಯಾರೂ ಇಲ್ಲ ಸಾಹೇಬ್ರೆ. ಕೂತು ನೋಡ್ದೆ. ಕುದಿಯೋ ಗಂಜಿ ಬಿದ್ದು ಜಿಡ್ಡು ಕರಗ್ತಿತ್ತು, ಗಂಜಿ ಬೇರೆ ಮಾಡ್ದೆ."

ಅವರು ಮೂಗಿನ ಕರವಸ್ತ್ರ ತೆಗೆದು, ನಮ್ಮ ಮೇಜಿನ ಮೇಲೇ ಕಾಗದವಿಟ್ಟು 'ಸರಿಯಿದೆ' ಎಂದು ಬರೆದು ಸಹಿ ಹಾಕಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು: "ಆ ಗಂಜಿ ವಿಷಯ ಇನ್ನೊಂದ್ಸಲ ಹೇಳಿ. ಮತ್ತೆ ನಾಲ್ಕು ಹೋಟೆಲಿನವರದ್ದೂ ಇದೇ ಗೋಳು."

ಊಟಕ್ಕೆ ಕೂತವರೆಲ್ಲ ಕೇಳಲಿ ಎಂದು ನಾನು ಗಟ್ಟಿಯಾಗಿಯೇ ಹೇಳಿದೆ.