ಎರಡು ಸೀಟಿನ ಕಾರು, ಮೂರು ಮಾಡೆಲ್ಲು

ನನ್ನ ಹೆಂಡತಿ ಸ್ಪೋರ್ಟ್ಸ್ ಕಾರು ತೆಗೆದುಕೊಳ್ಳುತ್ತೇನೆ ಎಂದಾಗ ನಾನು ಕೇಳಿದ್ದು ಯಾವ ಕಾರು ಎಂದಲ್ಲ, ಯಾಕೆ ಎಂದು. ಅವಳು ಒಲೆಯ ಮೇಲಿನ ಹಾಲಿನಿಂದ ಕಣ್ಣು ತೆಗೆಯದೆ, "ಆಸೆ ಆಯ್ತು, ಅದಕ್ಕೆ" ಎಂದಳು. ಇಂಥ ಉತ್ತರವನ್ನು ನಾನು ಜೀವಮಾನದಲ್ಲಿ ಒಮ್ಮೆಯೂ ನಂಬಿದವನಲ್ಲ.

ನಾನು ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುವವನು. ಕೊಬ್ಬರಿ ಚೀಲ ಎದುರಿಗೆ ಬಂದರೆ ಬಾಯಿಯ ಹತ್ತಿರ ಜೋಡಿಸಿಟ್ಟ ದಪ್ಪ ಉಂಡೆಗಳ ಕಡೆ ನೋಡುವುದೇ ಇಲ್ಲ. ಮೊಣಕೈವರೆಗೆ ಕೈ ಇಳಿಸಿ ತಳದ್ದನ್ನು ಎತ್ತುತ್ತೇನೆ, ಒಡೆಯುತ್ತೇನೆ, ಮೂಸುತ್ತೇನೆ. ತಂದವನು ಹತ್ತಿರದ ನೆಂಟನೇ ಆಗಿದ್ದರೂ ಅಷ್ಟೇ. ಮನೆಗೆ ಬಂದ ಮೇಲಾದರೂ ಈ ಬುದ್ಧಿ ಸುಮ್ಮನಿರಬೇಕಲ್ಲ, ಇರುವುದಿಲ್ಲ. ತರಕಾರಿಯವನು ತೂಗುವಾಗ ತಕ್ಕಡಿಯ ಕೆಳಗೆ ಬಗ್ಗಿ ನೋಡುತ್ತೇನೆ. ಮಗಳ ಮದುವೆಯಲ್ಲಿ ಅಡುಗೆಯವರ ತುಪ್ಪದ ಡಬ್ಬಕ್ಕೆ ಬೆರಳದ್ದಿ ನೆಕ್ಕಿ ನೋಡಿ, ಬೀಗರ ಎದುರು ಮಾನ ಕಳೆದೆ ಎಂದು ಇವಳು ಇಂದಿಗೂ ಎತ್ತಿ ಆಡುತ್ತಾಳೆ.

ಇವಳ ಸ್ವಭಾವವೇ ಬೇರೆ. ಬಿಳಿಗೆರೆ ಹತ್ತಿರದ ನಮ್ಮ ತೋಟದಲ್ಲಿ ಕೊಬ್ಬರಿ ಎಣ್ಣೆಯ ಗಾಣ ಹಾಕಿಕೊಂಡಿದ್ದಾಳೆ. ಎಣ್ಣೆ ಡಬ್ಬಗಳನ್ನು ಪಿಕಪ್ಪಿಗೆ ತುಂಬಿಸಿ, ತಾನೇ ಓಡಿಸಿಕೊಂಡು ತುರುವೇಕೆರೆ, ಹುಳಿಯಾರು ಎಲ್ಲ ಸುತ್ತಿ ಬರುತ್ತಾಳೆ. ಯಾರೇನು ಹೇಳಿದರೂ ನಂಬುತ್ತಾಳೆ, ಆಶ್ಚರ್ಯವೆಂದರೆ ಇದುವರೆಗೆ ಯಾರೂ ಅವಳಿಗೆ ಟೋಪಿ ಹಾಕಿಲ್ಲ. ಸಂಪಾದನೆ ಅವಳದು, ಕಾರಿಗೆ ಹಾಕುವ ದುಡ್ಡೂ ಅವಳದೇ. ಹಾಗಾಗಿ ಬೇಡ ಎನ್ನುವ ಅಧಿಕಾರ ನನಗಿರಲಿಲ್ಲ. ಅನುಮಾನ ಪಡಬಹುದಿತ್ತು, ಅದನ್ನು ಧಾರಾಳವಾಗಿ ಪಟ್ಟೆ.

ಕಾರಿನ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿದಳು. ಹಳದಿ ಬಣ್ಣದ, ನೆಲಕ್ಕೆ ಅಂಟಿಕೊಂಡಂತಿರುವ ಗಾಡಿ.

"ಹಿಂದ್ಗಡೆ ಸೀಟೇ ಇಲ್ವಲ್ಲೇ."

"ಇಲ್ಲ. ಇರೋದೇ ಎರಡು."

"ಮಗಳು ಅಳಿಯ ಬಂದ್ರೆ ಎಲ್ಲಿ ಕೂರುಸ್ತೀಯ?"

"ಅವ್ರಿಗೆ ಅವ್ರ ಕಾರೈತೆ ಬುಡ್ರೀ."

ಒಂದು ಸೀಟು ಓಡಿಸುವ ಅವಳಿಗಾಯಿತು. ಇನ್ನೊಂದು ಯಾರಿಗೆ? ನಿಮಗೆ ಎಂದು ಅವಳು ಹೇಳಲಿಲ್ಲ. ಕೇಳಲು ನನಗೆ ಬಿಗುಮಾನ ಅಡ್ಡ ಬಂತು. ಐವತ್ತು ದಾಟಿದ ಹೆಂಗಸು, ಮನೆ, ಗಾಣ, ತೋಟ ಎಂದು ಓಡಾಡಿಕೊಂಡಿದ್ದವಳು, ಇದ್ದಕ್ಕಿದ್ದಂತೆ ಇಬ್ಬರೇ ಕೂರುವ ಕಾರು ಬೇಕು ಎಂದರೆ ಗಂಡನಾದವನಿಗೆ ನಿದ್ದೆ ಹೇಗೆ ಬರಬೇಕು?

ಬಾಯಿಬಿಟ್ಟು ಹೆಂಡತಿಯನ್ನು ಅನುಮಾನಿಸುವಷ್ಟು ಧೈರ್ಯವಿಲ್ಲದ್ದರಿಂದ ನನ್ನ ಸಿಟ್ಟೆಲ್ಲ ಕಾರಿನ ಕಂಪನಿಯ ಮೇಲೆ ತಿರುಗಿತು. ಆ ಕಾರಿಗೆ ಮೂರು ಮಾಡೆಲ್ಲು. ಬೇಸ್, ಮಿಡ್, ಟಾಪ್ ಎಂಡ್. ಮೂರಕ್ಕೂ ಇಂಜಿನ್ ಒಂದೇ. ನೋಡಲು ದೂರದಿಂದ ಮೂರೂ ಒಂದೇ. ಹಾಗಿದ್ದ ಮೇಲೆ ಮೂರು ಬೆಲೆ ಯಾತಕ್ಕೆ ಎಂದು ಕೂತು ಯೋಚಿಸಿದೆ. ಯೋಚಿಸಿದಷ್ಟೂ ಅದರ ಮರ್ಮ ಬಿಚ್ಚಿಕೊಳ್ಳುತ್ತಾ ಹೋಯಿತು. ಬೇಸ್ ಇಟ್ಟಿರುವುದು ಮಾರಲಿಕ್ಕಲ್ಲ, ಜಾಹೀರಾತಿನಲ್ಲಿ ಇಷ್ಟರಿಂದ ಶುರು ಎಂದು ದೊಡ್ಡಕ್ಷರದಲ್ಲಿ ಹಾಕಲಿಕ್ಕೆ. ಟಾಪ್ ಎಂಡ್ ಇಟ್ಟಿರುವುದು ಮಿಡ್ಡಿನ ಬೆಲೆ ಕೇಳಿ ಗಿರಾಕಿ ಉಸ್ಸಪ್ಪಾ ಎನ್ನದಿರಲಿ ಎಂದು. ಅಂಗಡಿಯಲ್ಲಿ ನಿಲ್ಲಿಸುವುದು ಟಾಪ್ ಎಂಡ್, ಫೋನಿನಲ್ಲಿ ಹೇಳುವುದು ಬೇಸಿನ ರೇಟು, ಕೊನೆಗೆ ತಲೆ ಸವರಿ ಕೈಗೆ ಕೊಡುವುದು ಮಿಡ್. ಇದು ನಮ್ಮ ಕೊಬ್ಬರಿ ಮಾರುಕಟ್ಟೆಯ ಯಾರ್ಡಿನಲ್ಲಿ ದಿನಾ ನಡೆಯುವ ವಿದ್ಯೆಯೇ, ಅವರದಕ್ಕೆ ಎ.ಸಿ. ಹಾಕಿದ್ದಾರೆ ಅಷ್ಟೇ.

ತುಮಕೂರಿನಲ್ಲಿ ಕೆಲಸವಿದೆ ಎಂದು ಇವಳಿಗೆ ಹೇಳಿ, ಬೆಳಗಿನ ರೈಲು ಹತ್ತಿ ನೇರ ಬೆಂಗಳೂರಿನ ಆ ಶೋರೂಮಿಗೆ ಹೋದೆ. ಇವಳ ಜೊತೆ ಹೋದರೆ ಗಿರಾಕಿ ಬಂದರೆಂದು ಸಿಹಿ ಮಾತಾಡುತ್ತಾರೆ, ಮೊದಲು ಒಬ್ಬನೇ ಹೋಗಿ ತಳ ನೋಡಿ ಬರೋಣ ಎನ್ನುವುದು ನನ್ನ ಲೆಕ್ಕ. ಗಡ್ಡ ಬಿಟ್ಟು ಕೋಟು ತೊಟ್ಟ ಸೇಲ್ಸ್‌ನವನೊಬ್ಬ ಎದ್ದು ಬಂದ. ಊರು ಯಾವುದು ಎಂದ. ಅರಸೀಕೆರೆ ಎಂದೆ.

ಅವನು ಕಾಫಿ ತರಿಸಿದ. ಕಾಫಿ ತರಿಸುವವರ ಬಗ್ಗೆ ನಾನು ಯಾವಾಗಲೂ ಹುಷಾರು. ಕುಡಿಯದೆ, ಕಾರಿನ ಕೆಳಗೆ ಬಗ್ಗಿದೆ, ಬಾಗಿಲು ತಟ್ಟಿದೆ, ಸೀಟಿನ ಹೊಲಿಗೆ ಎಳೆದು ನೋಡಿದೆ. ಟಾಪ್ ಎಂಡಿನ ಚಕ್ರ ದೊಡ್ಡದು, ಆದರೆ ಅದರ ಟೈರು ದೋಸೆಯಷ್ಟೇ ದಪ್ಪ. ನಮ್ಮ ರಸ್ತೆಯ ಗುಂಡಿಗೆ ಇದು ತಡೆಯುತ್ತದೆಯೇ ಎಂದರೆ ಅವನು "ಸ್ಟೈಲ್ ಸಾರ್" ಎಂದ. ಮಿಡ್ಡಿನಲ್ಲಿ ಹೆಚ್ಚಿಗೆ ಏನಿದೆ ಎಂದರೆ ಬಾಗಿಲು ತೆಗೆದಾಗ ನೆಲದ ಮೇಲೆ ಕಂಪನಿಯ ಗುರುತು ಬೆಳಕಾಗಿ ಬೀಳುತ್ತದಂತೆ. ನೆಲದ ಮೇಲೆ ಬೀಳುವ ಬೆಳಕಿಗೆ ಯಾರಾದರೂ ದುಡ್ಡು ಕೊಡುತ್ತಾರಾ ಎಂದೆ. ಕೊಡ್ತಾರೆ ಸಾರ್ ಎಂದ.

"ಬೇಸು?" ಎಂದೆ.

"ಅದು ರೇಸಿಗೆ ಹೋಗೋರು ಕೇಳ್ತಾರೆ ಸಾರ್. ತೂಕ ಕಮ್ಮಿ ಮಾಡೋಕೆ ಒಳಗೆ ಸೌಂಡು ತಡೆಯೋ ಪದರಾನೇ ಹಾಕಿಲ್ಲ. ಟಾಪ್ ಎಂಡಲ್ಲಿ ಪಿಸುಮಾತು ಆಡಿದ್ರೂ ಕೇಳುತ್ತೆ, ಬೇಸಲ್ಲಿ ಕೂಗಿದ್ರೂ ಕೇಳಲ್ಲ." ಆಮೇಲೆ ನನ್ನ ಮುಖದಲ್ಲಿ ಇನ್ನೂ ನಂಬಿಕೆ ಬಂದಿಲ್ಲವೆಂದು ಅವನಿಗೆ ಅನ್ನಿಸಿರಬೇಕು. "ನಿಮ್ಮ ಕಡೆಯವ್ರೇ ಒಬ್ರು ಮೇಡಂ ಇದಾರೆ ಸಾರ್, ತಿಪಟೂರಿನವ್ರು. ಮೂರೂ ಓಡಿಸಿ ನೋಡಿದಾರೆ. ಪ್ರತಿ ಸಲಾನೂ ನನ್ನನ್ನ ಪಕ್ಕದಲ್ಲಿ ಕೂರಿಸ್ಕೊಂಡು, ಏನಾದ್ರೂ ಮಾತಾಡ್ತಾ ಇರಪ್ಪ, ಕೇಳಿಸುತ್ತಾ ನೋಡ್ಬೇಕು ಅಂತಾರೆ. ಬೇರೇನೂ ಕೇಳಲ್ಲ ಸಾರ್ ಅವ್ರು. ಪಕ್ಕದಲ್ಲಿ ಕೂತೋರ ಮಾತು ಕೇಳಿಸುತ್ತಾ, ಇಲ್ವಾ, ಅಷ್ಟೇ."

ತಿಪಟೂರಿನಲ್ಲಿ ಇಂಥ ಕಾರು ಕೇಳುವ ಮೇಡಂ ಇನ್ನೊಬ್ಬರಿಲ್ಲ. ನನಗೆ ಹೇಳದೆ ಇಲ್ಲಿಗೆ ಬಂದಿದ್ದಾಳೆ, ಒಮ್ಮೆಯಲ್ಲ, ಹಲವು ಸಲ. ಬಂದು ಕೇಳಿದ್ದು ಇಂಥ ಪ್ರಶ್ನೆ. ಯಾರದೋ ಮಾತನ್ನು ಒಂದಕ್ಷರ ಬಿಡದೆ ಕೇಳಿಸಿಕೊಳ್ಳುವ ಆಸೆ ಇವಳಿಗೆ. ಆ ಯಾರೋ ನಾನಲ್ಲ ಎನ್ನುವುದು ನನಗೆ ಖಚಿತವಿತ್ತು. ನಾನು ಮಾತಾಡಲು ಬಾಯಿ ತೆಗೆದರೆ ಇವಳು ಎದ್ದು ಒಳಗೆ ಹೋಗುತ್ತಾಳೆ.

ವಾಪಸು ರೈಲಿನಲ್ಲಿ ಒಬ್ಬೊಬ್ಬರನ್ನೇ ನೆನಪು ಮಾಡಿಕೊಂಡೆ. ಎಣ್ಣೆ ಕೊಳ್ಳಲು ಹಾಸನದಿಂದ ಬರುವವನೊಬ್ಬ ಇವಳ ಜೊತೆ ನಿಂತು ನಿಂತು ನಗುತ್ತಾನೆ. ಊಟದ ಹೊತ್ತಿಗೇ ಫೋನು ಮಾಡುವ ಲೇಬಲ್ ಅಚ್ಚು ಹಾಕುವವನೊಬ್ಬನಿದ್ದಾನೆ. ಗಾಣ ರಿಪೇರಿಯವನಿಗೆ ಎಪ್ಪತ್ತು ದಾಟಿದೆ, ಅವನನ್ನೂ ಬಿಡಲಿಲ್ಲ. ನಾಚಿಕೆಯಾಯಿತು, ಆದರೂ ತಲೆ ನಿಲ್ಲಲಿಲ್ಲ. ಮನೆಗೆ ಬಂದರೆ ಇವಳು, "ತುಮ್ಕೂರಲ್ಲಿ ಬಿಸ್ಲು ಜಾಸ್ತಿನಾ?" ಎಂದು ಮಜ್ಜಿಗೆ ಕೊಟ್ಟಳು. ಏನು ಕೇಳಬೇಕೆಂದರೂ ನಾನು ಕದ್ದು ಹೋಗಿದ್ದನ್ನು ಮೊದಲು ಒಪ್ಪಿಕೊಳ್ಳಬೇಕಿತ್ತು. ಮಜ್ಜಿಗೆ ಕುಡಿದು ಲೋಟ ಕೆಳಗಿಟ್ಟೆ. ಆ ವಾರವೆಲ್ಲ ಅವಳ ಫೋನು ಬಡಿದುಕೊಂಡಾಗಲೆಲ್ಲ ನನ್ನ ಕಿವಿ ನೆಟ್ಟಗಾಗುತ್ತಿತ್ತು. ಅವಳು ಹಾಡು ಗುನುಗಿದರೂ ಯಾಕೆ ಗುನುಗಿದಳು ಎಂದು ಲೆಕ್ಕ ಹಾಕುತ್ತಿದ್ದೆ.

ಮುಂದಿನ ವಾರ ಅವಳೇ, "ನೀವೂ ಬನ್ನಿ, ಇವತ್ತು ಯಾವ್ದು ಅಂತ ಹೇಳ್ಬುಟ್ಟು ಬರಾಣ" ಎಂದು ಕರೆದುಕೊಂಡು ಹೋದಳು. ಬಾಗಿಲು ದಾಟುತ್ತಿದ್ದಂತೆ ಅದೇ ಗಡ್ಡದವನು ಬಾಯ್ತುಂಬ ನಕ್ಕು, "ಓ, ಅರಸೀಕೆರೆ ಸಾರ್! ಮೇಡಮ್ಮೂ ನೀವೂ ಪರಿಚಯಾನಾ?" ಎಂದ.

ಇವಳು ಅವನನ್ನು ನೋಡಿದಳು, ನನ್ನನ್ನು ನೋಡಿದಳು. "ನಮ್ಮನೆಯವ್ರು" ಎಂದಳು. ಅಷ್ಟೇ. ನನ್ನ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ. ಆದರೆ ನನ್ನ ಸಂಕಟ ಅದಕ್ಕಿಂತ ದೊಡ್ಡದಿತ್ತು. ಇನ್ನೊಂದು ಗಳಿಗೆಯಲ್ಲಿ ಇವಳು ಟಾಪ್ ಎಂಡ್ ಎನ್ನುತ್ತಾಳೆ, ಪಿಸುಮಾತು ಕೇಳುವ ಕಾರು ಬೇಕು ಎನ್ನುತ್ತಾಳೆ, ಅಲ್ಲಿಗೆ ನನ್ನ ಅನುಮಾನ ನಿಜವಾಗುತ್ತದೆ. ಕಾಯಲಾಗದೆ ನಾನೇ ಗಾಳ ಹಾಕಿದೆ.

"ಟಾಪ್ ಎಂಡೇ ತಗೊಳ್ಳೇ. ಪಕ್ಕದೋರು ಮೆಲ್ಲಗೆ ಮಾತಾಡಿದ್ರೂ ಕೇಳ್ಸುತ್ತಂತೆ."

"ಬೇಡ. ಬೇಸೇ ಸಾಕು."

"ಅದ್ರಲ್ಲಿ ಕೂಗುದ್ರೂ ಕೇಳ್ಸಲ್ವಂತೆ."

"ಗೊತ್ತು. ಅದಕ್ಕೇ ಅದು."

ನನಗೆ ಅರ್ಥವಾಗಲಿಲ್ಲ. ಗಡ್ಡದವನು ಜಾಣ, ಬೆಲೆಯ ಹಾಳೆ ತರುತ್ತೇನೆಂದು ಒಳಗೆ ಸರಿದ. ನಾನು ತಡೆಯಲಾರದೆ ಕೇಳಿಯೇಬಿಟ್ಟೆ: "ಪಕ್ಕದಲ್ಲಿ ಯಾರು ಕೂರೋದು?"

"ಇನ್ಯಾರು ಕೂರ್ತಾರೆ? ನೀವೇ" ಎಂದಳು. "ಪಿಕಪ್ಪಲ್ಲಿ ನನ್ ಪಕ್ಕ ಕೂತ್ರೆ ಸಾಕು, ಹಿಂದೆ ಬರೋ ಗಾಡಿ ಮೇಲೆ ಅನ್ಮಾನ, ಪೆಟ್ರೋಲ್ ಬಂಕಿನೋನ ಮೇಲೆ ಅನ್ಮಾನ. ಬ್ರೇಕು ಹಿಡೀತೋ ಇಲ್ವೋ, ಟೈರಿಗೆ ಗಾಳಿ ಐತೋ ಇಲ್ವೋ, ದಾರಿ ಹೇಳ್ದೋನು ಸರಿಯಾಗಿ ಹೇಳುದ್ನೋ ಇಲ್ವೋ. ಒಂದು ದಿನಾನಾದ್ರೂ ನಾನು ಗಾಡಿ ಓಡ್ಸೋ ಖುಷಿ ಖುಷಿಯಾಗೇ ಮನೆಗೆ ಬಂದಿಲ್ಲ ಕಣ್ರೀ. ನಿಮ್ಮನ್ನ ಬುಟ್ಟು ಹೋಗಕ್ಕೆ ಮನಸ್ಸು ಬರಲ್ಲ. ನಿಮ್ ಮಾತು ಕೇಳ್ಕಂಡು ಓಡ್ಸಕ್ಕೆ ಇನ್ಮೇಲೆ ನನ್ ಕೈಲಾಗಲ್ಲ. ನೀವು ಪಕ್ಕದಲ್ಲಿ ಕೂತ್ಕಳಿ, ಏನ್ ಬೇಕಾದ್ರೂ ಮಾತಾಡಿ. ನಂಗೆ ಕೇಳುಸ್ಬಾರ್ದು."

ಎರಡನೆಯ ಸೀಟು ನನ್ನದೇ ಎಂದು ತಿಳಿದು ಜೀವ ಬಂದಂತಾಯಿತು. ಅದೇ ಉಸಿರಿನಲ್ಲಿ ಎದೆಗೆ ಗುದ್ದಿದಂತೆಯೂ ಆಯಿತು. ಮೂರು ಕಾರು ಓಡಿಸಿ, ಪರಸ್ಥಳದ ಒಬ್ಬನನ್ನು ಪಕ್ಕ ಕೂರಿಸಿಕೊಂಡು ಮಾತಾಡಿಸಿ, ಗಂಡನ ದನಿ ಯಾವುದರಲ್ಲಿ ಕೇಳಿಸುವುದಿಲ್ಲ ಎಂದು ಇವಳು ಹುಡುಕಿದ್ದಳು. ಅವಳಿಗೆ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನೂ ತಿರುಗಿ ಎರಡು ಮಾತಾಡಿ ಹಗುರಾಗುತ್ತಿದ್ದೆ.

ಬೇಸ್ ಮಾಡೆಲ್ಲೇ ಬಂತು. ಬೆಳಿಗ್ಗೆ ಬಿಸಿಲೇರುವ ಮೊದಲು, ಅವಳ ತವರು ಕೆಂಕೆರೆಗೆ ಹೋಗಿ ಬರೋಣ ಎಂದು ಹೊರಟೆವು. ಆ ಕಾರಿನೊಳಗೆ ಇಳಿಯಲು ನನಗೆ ಒಂದು ಕೈ ಬಾಗಿಲ ಮೇಲೆ, ಇನ್ನೊಂದು ಅವಳ ಭುಜದ ಮೇಲೆ ಬೇಕಾಯಿತು. ಇಂಜಿನ್ ಶುರುವಾದದ್ದೇ ತಡ, ಬೆನ್ನಿನ ಹಿಂದೆ ಕೊಬ್ಬರಿ ಸುರಿದಂತೆ ಗಡಗಡ ಸದ್ದು. ಚಿಕ್ಕನಾಯಕನಹಳ್ಳಿ ದಾಟುವವರೆಗೂ ನಾನು ಅಭ್ಯಾಸ ಬಿಡಲಿಲ್ಲ. ಅದೇನೋ ಎಡಗಡೆ ಕಿರ್ ಅನ್ನುತ್ತಿದೆ ಎಂದೆ. ಗಡ್ಡದವನು ಹಳೇ ಟೈರು ಹಾಕಿಕೊಟ್ಟಿರಬಹುದು ಎಂದೆ. ಮುಂದಿನ ಲಾರಿಯವನು ಕುಡಿದಿದ್ದಾನೆ ಎಂದೆ. ಅವಳು ರಸ್ತೆ ನೋಡುತ್ತಾ ನಗುತ್ತಿದ್ದಳು. ಒಂದು ಮಾತೂ ಅವಳಿಗೆ ಮುಟ್ಟಲಿಲ್ಲ.

ಕೇಳುವವರಿಲ್ಲದ ಮೇಲೆ ಅನುಮಾನ ಹೇಳಿಕೊಂಡು ಏನು ಬಂತು? ನನ್ನಷ್ಟಕ್ಕೆ ನಾನೇ ಸುಮ್ಮನಾದೆ. ಬೇರೆ ಕೆಲಸವಿಲ್ಲದೆ ಅವಳನ್ನು ನೋಡಿದೆ. ಗೇರು ಬದಲಿಸುವಾಗ ಕೆಳತುಟಿ ಕಚ್ಚುತ್ತಿದ್ದಳು. ತಿರುವು ಬಂದಾಗ ಹುಬ್ಬು ಮೇಲೇರುತ್ತಿತ್ತು, ತಿರುವು ಮುಗಿದ ಕೂಡಲೇ ಮುಖ ಅರಳುತ್ತಿತ್ತು. ಇಷ್ಟು ವರ್ಷ ಪಕ್ಕದಲ್ಲೇ ಕೂತು ನಾನು ಬರೀ ಮೀಟರು, ಕನ್ನಡಿ, ಹಿಂದಿನ ಗಾಡಿ ನೋಡಿದ್ದೆ. ಹೇಗೂ ಕೇಳಿಸುವುದಿಲ್ಲ ಎನ್ನುವ ಧೈರ್ಯದಲ್ಲಿ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

ತುಟಿ ಅಲ್ಲಾಡಿದ್ದು ಅವಳಿಗೆ ಕಂಡಿರಬೇಕು. ಕೆರೆ ಏರಿಯ ಪಕ್ಕ, ತೆಂಗಿನ ಸಾಲಿನ ನೆರಳಿಗೆ ಗಾಡಿ ತಿರುಗಿಸಿ ಇಂಜಿನ್ ಆರಿಸಿದಳು.

"ಏನೋ ಅಂದ್ರಲ್ಲ. ಟೈರಾ?"

"ಅಲ್ಲ."

"ಮತ್ತೆ?"

ಸದ್ದಿನೊಳಗೆ ಸಲೀಸಾಗಿ ಬಂದ ಮಾತಿಗೆ ಈಗ ನಾಚಿಕೆ ಅಡ್ಡ ಬಂತು. ಆದರೂ ಹೇಳಿದೆ. "ಗಾಡಿ ಓಡಿಸ್ತಾ ಇದ್ರೆ ನೀನು ಬಾಳ ಚೆಂದ ಕಾಣ್ತೀಯ ಕಣೇ. ನಿನ್ ಪಕ್ಕ ಕೂತಿರೋದು ನಂಗೆ ಖುಷಿ ಆಯ್ತದೆ ಅಂದೆ."

ಅವಳ ಮುಖದ ನಗು ನಿಧಾನವಾಗಿ ಇಳಿಯಿತು. ಸ್ಟೇರಿಂಗಿನಿಂದ ಕೈ ತೆಗೆದು ಪೂರಾ ನನ್ನ ಕಡೆ ತಿರುಗಿದಳು.

"ಏನ್ ಸಮಾಚಾರ?"

"ಏನಿಲ್ಲ ಕಣೇ."

"ಏನೋ ಐತೆ. ಯಾರಿಗಾದ್ರೂ ಜಾಮೀನು ನಿಂತಿದೀರಾ?"

"ಇಲ್ಲ."

"ಅವತ್ತು ತುಮ್ಕೂರು ಅಂತ ಹೇಳಿ ಹೋದ್ರಲ್ಲ, ಶೋರೂಮಿಗೆ ಅಷ್ಟೇನಾ ಹೋಗಿದ್ದು? ಆಸ್ಪತ್ರೆಗೇನಾದ್ರೂ ಹೋಗಿದ್ರಾ? ಡಾಕ್ಟ್ರು ಏನಂದ್ರು? ನನ್ ಹತ್ರ ಮುಚ್ಚಿಡ್ಬೇಡಿ, ನಿಜ ಹೇಳಿ." ಅವಳ ಅಂಗೈ ನನ್ನ ಎದೆಯ ಮೇಲಿತ್ತು. ಕಣ್ಣಲ್ಲಿ ನೀರು ತುಂಬಿತ್ತು.

ನಾನು ಹೇಳಿದ್ದು ನಿಜ. ಅದನ್ನು ನಂಬಿಸಲು ನನ್ನ ಹತ್ತಿರ ಏನೂ ಇರಲಿಲ್ಲ.