ಕತ್ತರಿಸಿದ ಹದಿನೈದು ಸೆಕೆಂಡು

— ಅಥವಾ ಹದಿನೆಂಟು ಇದ್ದಿರಬಹುದು. ಎಷ್ಟು ಸೆಕೆಂಡು ಕತ್ತರಿಸಿದೆ ಎಂಬುದು ಸರಿಯಾಗಿ ನೆನಪಿಲ್ಲ, ಭೀಮಕಾಕಾ. ಕತ್ತರಿಸಿದವಳು ನಾನು ಎಂಬುದು ನೆನಪಿದೆ. ನಿಮ್ಮ ಫೋನಿನಿಂದ ಊರೂರಿಗೆ ಹೋದ ಆ ಬಸ್ಸಿನ ವಿಡಿಯೊ ನಿಮಗೆ ಬಂದದ್ದು ನನ್ನಿಂದ. ಎಲ್ಲರೆದುರು ನಿಮ್ಮತ್ತ ಬೆರಳು ಮಾಡಿದವಳೂ ನಾನೇ. ಐದು ವರ್ಷ ಇದನ್ನು ಹೇಳಲಿಲ್ಲ.

ಕರ್ನಾಟಕ-ಮಹಾರಾಷ್ಟ್ರ ಗಡಿಯ ತಂಟೆ ಮತ್ತೆ ಎದ್ದಿದ್ದ ದಿನಗಳು. ಅಥಣಿ ಕಡೆಯ ನನ್ನ ಚಿಕ್ಕಮ್ಮನ ಮಗ ನಮ್ಮ ಮನೆತನದ ಕನ್ನಡ ಗುಂಪಿಗೆ ಆ ವಿಡಿಯೊ ಹಾಕಿದ. ಕರ್ನಾಟಕದ ರಸ್ತೆಯಲ್ಲಿ ನಿಂತ ಮಹಾರಾಷ್ಟ್ರದ ಒಂದು ಬಸ್ಸು, ಒಡೆದ ಮುಂದಿನ ಗಾಜು, ಕೋಲು ಹಿಡಿದ ನಾಲ್ಕು ಜನ, ಗದ್ದಲ. ಶುರುವಿನಲ್ಲಿ ಡ್ರೈವರ್ ನಗುತ್ತ ಹೇಳುತ್ತಾನೆ — ಜಾಲಿಮರದ ಟೊಂಗೆ ಬಡಿದು ಗಾಜು ಹೋಯಿತು, ಊರವರು ಪಾಪ ಉಳಿದ ಚೂರು ಬಿಡಿಸುತ್ತಿದ್ದಾರೆ ಎಂದು. ವಾಟ್ಸಾಪ್ ಸ್ಟೇಟಸ್‌ನಲ್ಲಿ ಆಗ ಮೂವತ್ತು ಸೆಕೆಂಡು ಮಾತ್ರ ಹಿಡಿಯುತ್ತಿತ್ತು. ನಾನು ಶುರುವಿನದನ್ನು ಬಿಟ್ಟೆ, ಗದ್ದಲವನ್ನು ಉಳಿಸಿದೆ. ಡ್ರೈವರ್‌ನ ಮಾತು ಕೇಳಿಸಿಕೊಂಡು ಕತ್ತರಿಸಿದೆನೋ, ಕೇಳದೆಯೇ ಕತ್ತರಿಸಿದೆನೋ — ಇಲ್ಲಿ ನನ್ನ ನೆನಪು ದಿನಕ್ಕೊಂದು ಹೇಳುತ್ತದೆ. ಕೇಳಿರಲಿಲ್ಲ ಎಂದು ಅದು ಹೇಳಿದ ದಿನ ನನಗೆ ಹಗುರವೆನಿಸುತ್ತದೆ. ಅದಕ್ಕೇ ಅದನ್ನು ನಂಬುವುದಿಲ್ಲ.

ನಾನು ಕೆಲಸ ಮಾಡುವ ಸಾಂಗ್ಲಿಯ ಅರಿಶಿನ ವ್ಯಾಪಾರಿಯ ಆಫೀಸಿನಲ್ಲಿ ಆ ವಾರವಿಡೀ ನನ್ನನ್ನು ಕಾಡಿಸುತ್ತಿದ್ದರು. "ಕಾಯ್ ಸುಮಾತಾಯಿ, ತುಮ್ಚೇ ಲೋಕ ಆಜ್ ಕಾಯ್ ಫೋಡ್ಣಾರ್?" ನಿಮ್ಮ ಜನ ಇವತ್ತೇನು ಒಡೆಯುತ್ತಾರೆ — ಚಹಾದ ಜೊತೆಗೊಂದು ನಗೆ. ಅಜ್ಜನ ಕಾಲದಿಂದ ಮಹಾರಾಷ್ಟ್ರದ ಲಿಂಗನೂರಿನವರು ನಾವು. ಮನೆಯಲ್ಲಿ ಕನ್ನಡ ಆಡುತ್ತೇವೆಂದು 'ನಿಮ್ಮ ಜನ'. ನಾನೂ ಇಲ್ಲಿಯವಳೇ ಎಂದು ತೋರಿಸಬೇಕಿತ್ತು. ವಿಡಿಯೊದ ಮೇಲೆ ಮರಾಠಿಯಲ್ಲಿ ಬರೆದೆ: ನಮ್ಮ ಬಸ್ಸಿನ ಗತಿ ನೋಡಿ. ಮರುದಿನ ಯಾರೂ ಕಾಡಿಸಲಿಲ್ಲ. ಅಷ್ಟಕ್ಕೆ — ಅಷ್ಟಕ್ಕಾಗಿ —

ಅದೇ ಹೊತ್ತಿಗೆ ನಿಮ್ಮ ಫೋನು. "ಸುಮಿ, ದಾರಿ ಹೆಂಗೈತವಾ? ಕುರಿ ದಾಟಸ್ಲ್ಯಾ?" ಪ್ರತಿ ವರ್ಷ ಈ ಕಡೆಯ ಸಲಗರೆಯಿಂದ ನಿಮ್ಮ ಹಿಂಡು ಗಡಿ ದಾಟಿ ಕರ್ನಾಟಕಕ್ಕೆ ಹೋಗುತ್ತಿತ್ತು. ಗೊಬ್ಬರವಾಗಲಿ ಎಂದು ಆ ಕಡೆಯ ರೈತರು ತಾವಾಗಿ ಕರೆದು ಹೊಲದಲ್ಲಿ ಕುರಿ ಕೂಡಿಸುತ್ತಿದ್ದರು. "ಸದ್ಯ ಬ್ಯಾಡ್ರಿ ಕಾಕಾ, ಇದನ್ನ ನೋಡ್ರಿ" ಎಂದು ಕತ್ತರಿಸಿದ ವಿಡಿಯೊ ಕಳಿಸಿದೆ. ನಿಮಗೆ ಓದಲು ಬಾರದು. ಸುಮಿ ಕಳಿಸಿದ್ದೆಂದರೆ ಖರೆ. ಉಳಿದ ಕುರಿಗಾರರೂ ಹುಷಾರಾಗಲಿ ಎಂದು ಅವರ ಗುಂಪಿಗೆ ಹಾಕಿದಿರಿ. ಅಲ್ಲಿಂದ ಅದು ಊರೂರಿಗೆ ಹೋಯಿತು. ಮೂರನೆಯ ದಿನ ಮಿರಜಿನಲ್ಲಿ ಕರ್ನಾಟಕದ ಬಸ್ಸಿಗೆ ಕಲ್ಲು ಬಿತ್ತು. ಕಂಡಕ್ಟರನ ಹಣೆ ಒಡೆಯಿತು. ಅಷ್ಟರಲ್ಲಿ ನನ್ನ ಸ್ಟೇಟಸ್ ತಾನಾಗಿಯೇ ಮಾಯವಾಗಿತ್ತು.

ಇನ್ನೊಂದನ್ನು ಹೇಳಬೇಕು. ಆಗಲೇ ನಾನು ಶಾಂತಿ ತಂಡದಲ್ಲಿದ್ದೆ — ಗಡಿಯ ಎರಡೂ ಕಡೆಯ ಶಿಕ್ಷಕರು, ಪೊಲೀಸರು ಸೇರಿ ಕಟ್ಟಿದ್ದು. ದ್ವೇಷ ಹಬ್ಬಿಸುವ ವಿಡಿಯೊಗಳ ಮೂಲ ಹುಡುಕಿ, ನಿಜವನ್ನು ಎರಡೂ ಭಾಷೆಯಲ್ಲಿ ಬರೆದು ಎರಡೂ ಕಡೆ ಕಳಿಸುವುದು ನಮ್ಮ ಕೆಲಸ. ಬರೆಯುವವಳು ನಾನು. 'ಯಾರಿಂದ ಬಂತೆಂದು ಮೊದಲು ನೋಡಿ' ಎಂದು ಕಾಲೇಜುಗಳಲ್ಲಿ ಹೇಳಿಕೊಡುವವಳೂ ನಾನೇ.

ವಿಡಿಯೊದ ಜಾಡು ಹಿಡಿದು ಹೋದವರು ನಿಮ್ಮ ಫೋನಿಗೆ ಬಂದು ನಿಂತರು; ಸಲಗರೆಯ ಪಂಚಾಯಿತಿಯಲ್ಲಿ ಸಭೆ ಸೇರಿತು. ಪೊಲೀಸ್ ಠಾಣೆಯ ಜಮಾದಾರರು ನಿಮ್ಮ ಫೋನು ಇಸಿದುಕೊಂಡು ನನ್ನತ್ತ ಚಾಚಿದರು. "ನೀವ ನೋಡ್ರಿ ತಾಯಿ. ಇದರಾಗಿಂದು ನಮಗೇನ್ ತಿಳೀತೈತಿ."

ಹಿಂದಿನಿಂದ ಯಾರೋ ಅಂದರು, "ಭೀಮಣ್ಣಗ ಕುರಿ ಬಿಡಾಕಷ್ಟ ಬರ್ತೈತಿ ಅಂದಿದ್ನಿ, ವಿಡಿಯೊನೂ ಬಿಡಾಕ ಹತ್ಯಾನಲೇ!"

ಎಲ್ಲರೂ ನಕ್ಕರು. ನೀವೂ ನಕ್ಕಿರಿ. "ತಡೀರಿ, ನಮ್ಮ ಸುಮಿ ನೋಡ್ತಾಳ. ಆಕಿಗೆಲ್ಲಾ ತಿಳೀತೈತಿ."

ತೆರೆದೆ. ಮೇಲೆ ನನ್ನ ಹೆಸರು, ನನ್ನ ಫೋಟೊ, ಕೆಳಗೆ ಬಸ್ಸು. ಜಮಾದಾರರು ಪಕ್ಕದಲ್ಲೇ ನಿಂತಿದ್ದರು. ಅವರ ಉಸಿರು ನನ್ನ ಕಿವಿಗೆ ಕೇಳುತ್ತಿತ್ತು — ಅಥವಾ ಅದು ನನ್ನದೇ ಇರಬೇಕು. ನಾನು ಕಳಿಸಿದ್ದ ಆ ವಿಡಿಯೊದ ಮೇಲೆ ಹೆಬ್ಬೆರಳು ಒತ್ತಿ ಹಿಡಿದೆ. ಅಳಿಸಿದೆ. ಆಮೇಲೆ ಕುರಿಗಾರರ ಗುಂಪು ತೆರೆದು ಅವರಿಗೆ ತೋರಿಸಿದೆ. ಅಲ್ಲಿ ವಿಡಿಯೊದ ನೆತ್ತಿಯ ಮೇಲೆ 'ಫಾರ್ವರ್ಡೆಡ್' ಎಂಬ ಸಣ್ಣ ಅಕ್ಷರ ಇನ್ನೂ ಇತ್ತು. ಇದು ಈ ಕೈ ದಾಟಿ ಹೋದದ್ದು ಮಾತ್ರ, ಈ ಕೈ ಮಾಡಿದ್ದಲ್ಲ ಎಂದು ಅದರ ಅರ್ಥ. ಪ್ರತಿ ಪಾಠದಲ್ಲಿ ಅದನ್ನು ಹೇಳುತ್ತೇನೆ. ಅಂದು ಯಾರೂ ಕೇಳಲಿಲ್ಲ. ನಾನು ಹೇಳಲಿಲ್ಲ.

"ಹ್ಯಾಚ್ ಫೋನ್‌ವರೂನ್ ಗೇಲಾಯ್," ಎಂದೆ.

ಇದೇ ಫೋನಿನಿಂದ ಹೋಗಿದೆ. ಮಾತು ಸುಳ್ಳಲ್ಲ, ನೋಡಿ. ಆದರೆ ಮರಾಠಿಯಲ್ಲಿ ಹೇಳಿದೆ — ನಿಮ್ಮೆದುರು ಎಂದೂ ಮರಾಠಿ ಆಡದವಳು. ನೀವು ನನ್ನ ಮುಖ ನೋಡಿದಿರೋ, ನನ್ನ ಹೆಬ್ಬೆರಳನ್ನೋ —

ಠಾಣೆಯವರು ಒಂದು ದಿನ ಕೂಡಿಸಿಕೊಂಡು ಬುದ್ಧಿ ಹೇಳಿ ಬಿಟ್ಟರು. ನಿಮ್ಮ ಅನ್ನ ಕಿತ್ತದ್ದು ಅವರಲ್ಲ, ನನ್ನ ಬರಹ. ಪೂರ್ತಿ ವಿಡಿಯೊ ಹಾಕಿ, ನಿಜ ಇದು ಎಂದು ಎರಡು ಭಾಷೆಯಲ್ಲಿ ಬರೆದೆನಲ್ಲ — ಅದರಲ್ಲೊಂದು ಸಾಲು: 'ಸಲಗರೆಯ ಕುರಿಗಾರನೊಬ್ಬನ ಬೇಜವಾಬ್ದಾರಿ.' ತಂಡದವರು ಮಾದರಿ ಬರಹ ಎಂದರು. ಆ ಕಡೆಯ ರೈತರಿಗೆ ಕುರಿಗಾರ ಯಾರೆಂದು ತಿಳಿಯಲು ಎಷ್ಟು ಹೊತ್ತು? "ಈ ವರ್ಷ ನಮ್ಮ ಹೊಲ ಬ್ಯಾಡ ಭೀಮಣ್ಣ." ಮರುವರ್ಷವೂ ಅದೇ. ಮೇವಿಲ್ಲದೆ ಹಿಂಡು ಕರಗಿತು. ಈಗ ನೀವು ಬೇರೆಯವರ ದ್ರಾಕ್ಷಿ ತೋಟ ಕಾಯುತ್ತೀರಿ.

ಬಿಟ್ಟ ದಿನ ಠಾಣೆಯ ಹೊರಗೆ ಫೋನನ್ನು ನನ್ನ ಕೈಗಿಟ್ಟಿರಿ. "ನೀನ ಇಟ್ಕೋ ಮಗಳ. ಇದರಾಗಿಂದು ನಿನಗ ತಿಳೀತೈತಿ." ಆಮೇಲೆ ಕೇಳಿದಿರಿ, "ಚಾ ಕುಡದೀಯೇನು?"

ಅದು ನನ್ನ ಕಪಾಟಿನಲ್ಲಿದೆ. ಇಂದು ಬೆಳಿಗ್ಗೆ ತಂಡಕ್ಕೂ ಠಾಣೆಗೂ ಇದನ್ನೆಲ್ಲ ಬರೆದು ಕೊಟ್ಟೆ. ಅದೇ ಕುರಿಗಾರರ ಗುಂಪಿಗೆ, ಆ ಕಡೆಯ ಗುಂಪುಗಳಿಗೆ, ಎರಡೂ ಭಾಷೆಯಲ್ಲಿ, ನನ್ನ ಹೆಸರು ಮೇಲೆ ಹಾಕಿ ಕಳಿಸಿದೆ. ಭಾನುವಾರ ತೋಟಕ್ಕೆ ಬಂದು ನಿಮಗೆ ಓದಿ ಹೇಳುತ್ತೇನೆ. ಒಂದು ಸಾಲನ್ನೂ ಬಿಡುವುದಿಲ್ಲ.

ಫೋನು ಕೊಡುವಾಗ ನಿಮಗೆ ಗೊತ್ತಿತ್ತೇ, ಕಾಕಾ? ಗೊತ್ತಿದ್ದೂ ನನ್ನ ಹೆಸರು ಹೇಳದೆ ಉಳಿದಿರೇ? ನನಗೆ ಗೊತ್ತಿಲ್ಲ.