ಆಯಿಗೆ ಹಚ್ಚಿದ ಪೌಡರ್

ಮನೆಗೆ ಮೊಮ್ಮಗಳು ಬಂದು ಹದಿನೈದು ದಿನವಾಯಿತು. ಹಿಗ್ಗಿಗೆ ನನಗೆ ಊಟವೂ ಬೇಕೆನಿಸುತ್ತಿಲ್ಲ. ಕಂಡವರಿಗೆಲ್ಲ ಸಕ್ಕರೆ ಹಂಚಿದ್ದೇನೆ, ಪಕ್ಕದ ಮನೆಯವರಿಗೆ ಎರಡು ಸಲ. ಕೂಸಿನ ಬಣ್ಣ ನನ್ನದೇ, ಎಣ್ಣೆಗಪ್ಪು. ಮೊನ್ನೆ ಫೋಟೋ ತೆಗೆಯುವಾಗ ಸೊಸೆ ಪೌಡರ್ ಡಬ್ಬಿ ತೆರೆದಳು. ನಾನು ಅವಳ ಕೈ ಹಿಡಿದೆ. ಯಾಕೆ ಎಂದು ಕೇಳಿದಳು. ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಬಹಳ ವರ್ಷಗಳ ಹಿಂದಿನ ಮಾತು. ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಶುರುವಾಗಿ ಕೆಲವು ವರ್ಷಗಳಾಗಿದ್ದವು. ಪೇಟೆಯಲ್ಲಿ ನನ್ನ ಗಂಡನ ಫೋಟೋ ಸ್ಟುಡಿಯೋ ಇತ್ತು. ಗಂಡಸೊಬ್ಬ ಕ್ಯಾಮೆರಾದ ಕರಿ ಬಟ್ಟೆಯೊಳಗೆ ತಲೆ ಹಾಕಿ ತಮ್ಮನ್ನು ನೋಡುತ್ತಾನೆಂದರೆ ಹೆಂಗಸರು ಕಟ್ಟಿಗೆಯಾಗುತ್ತಿದ್ದರು. ಅವರ ಹೆದರಿಕೆ ಬಿಡಿಸುವುದು ನನ್ನ ಕೆಲಸ. ಸೆರಗು ಸರಿ ಮಾಡಿ, ಮುಖಕ್ಕೆ ಪೌಡರ್ ಹಚ್ಚಿ, "ನಿಮ್ಮತ್ತಿ ಇವತ್ತ ಏನಂದ್ಲು ಹೇಳ್ರಿ" ಅಂದರೆ ಸಾಕು, ಎಂಥವಳೂ ನಕ್ಕು ಹೆಗಲು ಸಡಿಲ ಬಿಡುತ್ತಿದ್ದಳು. ಪೌಡರ್ ಹಚ್ಚಲೇನು ಎಂದು ಮಾತ್ರ ನಾನು ಯಾರನ್ನೂ ಕೇಳಿದವಳಲ್ಲ.

ಒಂದು ದಿನ ಹಳಿಯಾಳದ ಕಡೆಯ ಹಳ್ಳಿಯಿಂದ ಸಿದ್ದಿ ಹೆಂಗಸೊಬ್ಬಳು ತನ್ನ ಮುದಿ ತಾಯಿಯನ್ನು ಕರೆತಂದಳು. ತಾಯಿಗೆ ಆಗಲೇ ದಮ್ಮು.

"ನಾ ಸಣ್ಣಾಕಿ ಇದ್ದಾಗ ಅಪ್ಪ ತೀರಿಕೊಂಡ್ರಿ. ಅವನ ಮುಖ ನೆನಪಿಲ್ಲ. ಆಯಿದರೆ ಒಂದ ಫೋಟೋ ಇರ್ಲಿ ಅಂತ ಬಂದೇನಿ" ಎಂದಳು ಮಗಳು.

ನನಗಿಂತ ಕಪ್ಪಗಿದ್ದ ಆ ಮುದುಕಿಗೆ ನಾನು ಉಳಿದವರಿಗಿಂತ ಹೆಚ್ಚು ಪೌಡರ್ ಹಚ್ಚಿದೆ. ಒಂದು ಪದರು ಸಾಲದೆಂದು ಎರಡು. "ಈಗ ಚಂದ ಕಾಣ್ತೀರಿ ನೋಡ್ರಿ, ಆಯಿ" ಎಂದೆ, ನಾನೂ ಕರಿಯಳೇ ಆಗಿ. ಆಕೆ ಕನ್ನಡಿ ನೋಡಲಿಲ್ಲ. ನನ್ನ ಮಾತು ನಂಬಿ ತಲೆಯಾಡಿಸಿದಳು.

ಫೋಟೋ ಒಯ್ಯಲು ಮಗಳು ಒಬ್ಬಳೇ ಬಂದಳು. ಬಹಳ ಹೊತ್ತು ನೋಡಿದಳು.

"ಇದು ನಮ್ಮ ಆಯಿ ಅಲ್ರಿ ಅಕ್ಕಾರ. ಬೂದಿ ಬಡಕೊಂಡ ಯಾರೋ ಮುದುಕಿ."

"ಹಂಗ ಹಚ್ಚಿದ್ರನ ಫೋಟೋ ಛಲೋ ಬರ್ತೇತಿ."

"ಛಲೋ ಬರೂದು ಬ್ಯಾಡಾಗಿತ್ರಿ. ನಮ್ಮ ಆಯಿ ಬರಬೇಕಿತ್ತು."

ಇನ್ನೊಮ್ಮೆ ಕರೆತಾ ಎಂದರೆ, ತಾಯಿಗೆ ದಮ್ಮು ಹೆಚ್ಚಾಗಿದೆ, ಬಸ್ಸಿನವರೆಗೆ ನಡೆಯಲಾರಳು ಎಂದಳು. ನನ್ನ ಗಂಡ ಬೈಯಲಿಲ್ಲ. "ಸೋಮವಾರ ನಾವ ಬರ್ತೇವಿ" ಎಂದು ಅವಳಿಗೆ ಹೇಳಿ, "ನೀನೂ ನಡಿ" ಎಂದು ನನಗೆ ಹೇಳಿದರು.

ಬಸ್ಸಿಳಿದು ಕಾಡುದಾರಿಯಲ್ಲಿ ನಡೆದು ಹೋದೆವು. ಮುದುಕಿ ಅಂಗಳದ ಬಿಸಿಲಲ್ಲಿ ಗೋಡೆಗೆ ಒರಗಿ ಕೂತಿದ್ದಳು. ಮುಖವೆಲ್ಲ ಬಿಳಿ. ಮಗಳು ನೀರಿಗೆ ಹೋದ ಹೊತ್ತಿನಲ್ಲಿ ತಾನೇ ಅಕ್ಕಿಹಿಟ್ಟು ಬಳಿದುಕೊಂಡಿದ್ದಳು.

"ಪೌಡರ್ ಇರಲಿಲ್ಲವ್ವಾ, ಇದು ನಡೀತೈತೇನು?" ಎಂದಳು ನನಗೆ.

ಕೊಡ ಹೊತ್ತು ಬಂದ ಮಗಳು ಅಲ್ಲೇ ನಿಂತುಬಿಟ್ಟಳು. ನಾನು ಆ ಕೊಡದಲ್ಲೇ ಸೆರಗು ಅದ್ದಿ, ಕೂತು, ಮುದುಕಿಯ ಮುಖ ಒರೆಸಿದೆ. ಸುಕ್ಕಿನೊಳಗೆ ಸೇರಿದ ಹಿಟ್ಟು ಬೇಗ ಹೋಗಲಿಲ್ಲ.

"ಹಂಗಾರ ಇನ್ನ ನಾ ಚಂದ ಕಾಣೂದಿಲ್ಲೇನವ್ವಾ?" ಎಂದಳು ಆಕೆ.

ನಾನು ಸೆರಗು ಹಿಂಡಿ, ಆಕೆಯ ಕಿವಿಯ ಹಿಂದಿನ ಹಿಟ್ಟು ಒರೆಸಿದೆ. ತಪ್ಪಾಯಿತು ಎಂದು ಮಾತ್ರ ಅನ್ನಲಿಲ್ಲ.

ಆ ದಿನ ಅಂಗಳದಲ್ಲೇ ತೆಗೆದ ಫೋಟೋದಲ್ಲಿ ಮುಖ ಆಕೆಯದೇ ಬಂತು. ಮಗಳು "ಹೂಂ, ಇದು ನಮ್ಮ ಆಯಿ" ಎಂದು ಸೆರಗಿನಲ್ಲಿ ಮುಚ್ಚಿಕೊಂಡು ಒಯ್ದಳು. ಆದರೆ ಮುದುಕಿಯ ಕಣ್ಣು ಕ್ಯಾಮೆರಾದ ಕಡೆ ಇರಲಿಲ್ಲ. ಪಕ್ಕಕ್ಕೆ ನಿಂತಿದ್ದ ನನ್ನ ಕಡೆ ಇತ್ತು, ಹೀಗೇ ಇದ್ದರೆ ನಡೆಯುತ್ತದೆಯೇ ಎಂದು ಕೇಳುತ್ತ.